ಹೋಂಸ್ಟೇ ಬೇರೆ, ಸ್ಟೇ ಹೋಂ ಬೇರೆ: ಇಂಗ್ಲಿಷಿನಲ್ಲಿ ಪದದ ಜಾಗ ಬದಲಾದರೆ ಅರ್ಥ ಹೇಗೆ ಬದಲಾಗುತ್ತದೆ

ನಮ್ಮ ಗೇಟಿನ ಬೋರ್ಡಿನಲ್ಲಿ ‘ಹೋಂಸ್ಟೇ’ ಎಂದಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಟಿವಿ, ಮೊಬೈಲು, ಎಲ್ಲಿ ನೋಡಿದರೂ ‘ಸ್ಟೇ ಹೋಂ’. ಇರುವುದು ಅವೇ ಎರಡು ಪದ. ಒಂದು ನಿಮ್ಮ ಮನೆ ಬಿಟ್ಟು ನಮ್ಮ ಮನೆಗೆ ಬನ್ನಿ ಎನ್ನುತ್ತದೆ. ಇನ್ನೊಂದು ಮನೆ ಬಿಟ್ಟು ಕದಲಬೇಡಿ ಎನ್ನುತ್ತದೆ. ಪಕ್ಕದ ಮನೆಯ ಜೀಪ್ ಓಡಿಸುವ ಹುಡುಗ ಗೇಟಿನ ಹತ್ತಿರ ನಿಂತು, “ಅಕ್ಕಾ, ಬೋರ್ಡನ್ನ ಅರ್ಧಕ್ಕೆ ಕತ್ತರಿಸಿ ಆ ಕಡೆ ಈ ಕಡೆ ಮಾಡಿ ನೇತು ಹಾಕಿ, ಸರ್ಕಾರಕ್ಕೂ ಖುಷಿಯಾಗುತ್ತೆ” ಎಂದು ನಗಾಡಿದ. ಬುಕಿಂಗ್ ಎಲ್ಲಾ ಹೋಗಿ ಕೂತಿದ್ದ ನನಗೆ ಆವತ್ತು ನಗು ಬರಲಿಲ್ಲ. ಆದರೆ ಮಾತು ತಲೆಯಲ್ಲಿ ಉಳಿಯಿತು.

ಮಡಿಕೇರಿಯಿಂದ ಸೋಮವಾರಪೇಟೆ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದು ನಾಲ್ಕು ರೂಮಿನ ಮನೆ. ಅತಿಥಿಗಳಿಗೆ ದಿನಾ ಇಂಗ್ಲಿಷಿನಲ್ಲಿ ಮೆಸೇಜ್ ಬರೆಯುತ್ತೇನೆ. ಸ್ಪೆಲಿಂಗ್ ತಪ್ಪಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪದದ ಜಾಗ ತಪ್ಪಿದರೆ ದುಡ್ಡು ಹೋಗುತ್ತದೆ. ನಾನು ಏಟು ತಿಂದು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹೋಂಸ್ಟೇಯವರಿಗೆ, ಡ್ರೈವರ್‌ಗಳಿಗೆ, ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ, ಪಿಯುಸಿ ಓದುವ ಮಕ್ಕಳಿಗೆ ಇದು ಸಾಕು. ಗ್ರಾಮರ್ ಹೆಸರುಗಳು ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಕನ್ನಡ ಏನು ಮಾಡುತ್ತದೆ ನೋಡಿ

ನೋಟ್‌ಬುಕ್ಕಿನಲ್ಲಿ ಈ ಎರಡು ವಾಕ್ಯ ಬರೆಯಿರಿ.

ಆನೆ ಜೀಪನ್ನು ಅಟ್ಟಿಸಿಕೊಂಡು ಬಂತು.
ಜೀಪನ್ನು ಆನೆ ಅಟ್ಟಿಸಿಕೊಂಡು ಬಂತು.

ಎರಡರಲ್ಲೂ ಓಡಿದ್ದು ಜೀಪು, ಅಟ್ಟಿಸಿದ್ದು ಆನೆ. ಪದ ಹಿಂದೆ ಮುಂದೆ ಆದರೂ ಗೊಂದಲ ಇಲ್ಲ. ಯಾಕೆ? ‘ಅನ್ನು’ ಎಂಬ ಬಾಲ ಜೀಪಿಗೆ ಅಂಟಿಕೊಂಡಿದೆ. ಜೀಪು ಎಲ್ಲಿ ಹೋದರೂ ಬಾಲ ಅದರ ಜೊತೆಯಲ್ಲೇ ಹೋಗುತ್ತದೆ. ಅನ್ನು, ಇಂದ, ಗೆ, ಅಲ್ಲಿ ಇವೆಲ್ಲ ಅಂಥ ಬಾಲಗಳೇ. ಯಾರು ಯಾರಿಗೆ ಏನು ಮಾಡಿದರು ಎಂದು ಹೇಳುವುದು ಇವುಗಳ ಕೆಲಸ.

ಈಗ ಇಂಗ್ಲಿಷಿನಲ್ಲಿ ಹೇಳಿ. ‘ದಿ ಎಲಿಫೆಂಟ್ ಚೇಸ್ಡ್ ದ ಜೀಪ್’ ಎಂದರೆ ಆನೆ ಜೀಪನ್ನು ಅಟ್ಟಿಸಿತು. ‘ದ ಜೀಪ್ ಚೇಸ್ಡ್ ದಿ ಎಲಿಫೆಂಟ್’ ಎಂದರೆ ಜೀಪೇ ಆನೆಯನ್ನು ಅಟ್ಟಿಸಿತು. ಮೊದಲನೆಯದಕ್ಕೆ ಅಯ್ಯೋ ಪಾಪ ಎನ್ನುತ್ತಾರೆ. ಎರಡನೆಯದಕ್ಕೆ ಅರಣ್ಯ ಇಲಾಖೆಯವರು ಮನೆ ಬಾಗಿಲಿಗೆ ಬಂದರೂ ಬರಬಹುದು. ಒಂದಕ್ಷರವೂ ಬದಲಾಗಿಲ್ಲ. ಜಾಗ ಮಾತ್ರ ಬದಲಾಗಿದೆ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಬಾಲಗಳಿದ್ದವು. ಸುಮಾರು 1,000 ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳಿಗೆ ನಮ್ಮ ವಿಭಕ್ತಿಯಂಥ ಪ್ರತ್ಯಯಗಳು ಸೇರುತ್ತಿದ್ದವು. ಆಗಲೇ ಸವೆಯಲು ಶುರುವಾಗಿದ್ದ ಅವು, 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಶತಮಾನಗಳಲ್ಲಿ ಬಹುತೇಕ ಉದುರಿಹೋದವು. ‘ಹೀ’ ಮತ್ತು ‘ಹಿಮ್’, ‘ಐ’ ಮತ್ತು ‘ಮಿ’, ಇಂಥ ಕೆಲವು ಮಾತ್ರ ಹಳೆಯ ಮನೆಯ ಕಂಬಗಳ ಹಾಗೆ ಉಳಿದಿವೆ. ಬಾಲ ಹೋದ ಮೇಲೆ ಆ ಕೆಲಸ ಜಾಗದ ಪಾಲಿಗೆ ಬಂತು. ಮಾಡಿದವರು ಮೊದಲು, ಕ್ರಿಯೆ ನಡುವೆ, ಮಾಡಿಸಿಕೊಂಡವರು ಕೊನೆಗೆ. ಮದುವೆ ಮನೆಯ ಗ್ರೂಪ್ ಫೋಟೊದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದರಿಂದಲೇ ಸಂಬಂಧ ಊಹಿಸುತ್ತೇವಲ್ಲ, ಹಾಗೆ.

ನಮ್ಮ ಕಡೆ ಒಂದೇ ರಸ್ತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಕನ್ನಡ ಎಲ್ಲಾ ಕೇಳಿಸುತ್ತವೆ. ಇವೆಲ್ಲದರಲ್ಲೂ ಬಾಲ ಇದೆ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಹಾಗಾಗಿ ಐದು ಭಾಷೆ ಬಲ್ಲ ಕೊಡಗಿನವರಿಗೂ ಇಂಗ್ಲಿಷಿನ ಜಾಗದ ಲೆಕ್ಕ ಹೊಸದೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಎರಡನೆಯ ಹೆಜ್ಜೆ: ಹೆಸರು ಕಂಡರೆ ಕೊನೆಯ ಪದವನ್ನು ಹಿಡಿಯಿರಿ

ಇದು ಸುಲಭ, ಯಾಕೆಂದರೆ ಕನ್ನಡದಲ್ಲೂ ಹೀಗೇ ಇದೆ. ಗಾಣದ ಎಣ್ಣೆ ಎಂದರೆ ಎಣ್ಣೆ. ಎಣ್ಣೆ ಗಾಣ ಎಂದರೆ ಗಾಣ. ಮನೆ ಅಳಿಯ ಎಂದರೆ ಅಳಿಯ, ಅಳಿಯನ ಮನೆ ಎಂದರೆ ಮನೆ. ಈ ಎರಡನ್ನು ಅದಲು ಬದಲು ಮಾಡಿ ನೋಡಿ, ಅತ್ತೆ ಮನೆಯಲ್ಲಿ ಏನಾಗುತ್ತದೆ ಎಂದು! ಇನ್ನೂರು ಮತ್ತು ನೂರಾ ಎರಡು ಕೂಡ ಅಷ್ಟೆ. ಎರಡು ಮುಂದೆ ನಿಂತರೆ ಗುಣಾಕಾರ, ಹಿಂದೆ ನಿಂತರೆ ಕೂಡುವ ಲೆಕ್ಕ.

ಇಂಗ್ಲಿಷಿನಲ್ಲಿ ಎರಡು ಹೆಸರು ಜೊತೆಗೆ ನಿಂತರೆ ಕೊನೆಯದೇ ಯಜಮಾನ. ಮುಂದಿನದು ಅದನ್ನು ವಿವರಿಸುತ್ತದೆ. ಕೊನೆಯ ಪದದ ಮೇಲೆ ಬೆರಳಿಟ್ಟು “ಎಂಥ?” ಎಂದು ಕೇಳಿ. ‘ಕಾಫಿ ಎಸ್ಟೇಟ್’: ಎಸ್ಟೇಟು, ಎಂಥ ಎಸ್ಟೇಟು? ಕಾಫಿಯದು. ‘ಎಸ್ಟೇಟ್ ಕಾಫಿ’: ಕಾಫಿ, ಎಂಥ ಕಾಫಿ? ತೋಟದ್ದು. ಅತಿಥಿ “ವೇರ್ ಈಸ್ ದಿ ಎಸ್ಟೇಟ್ ಕಾಫಿ?” ಎಂದು ಕೇಳಿದರೆ ತೋಟದ ದಾರಿ ತೋರಿಸಬೇಡಿ. ಪುಡಿಯ ಪ್ಯಾಕೆಟ್ ತೋರಿಸಿ. ವ್ಯಾಪಾರ ಆಗುತ್ತದೆ.

‘ಗೆಸ್ಟ್ ಹೌಸ್’ ಎಂದರೆ ಅತಿಥಿಗಳು ತಂಗುವ ಮನೆ. ‘ಹೌಸ್ ಗೆಸ್ಟ್’ ಎಂದರೆ ನಮ್ಮ ಮನೆಯಲ್ಲೇ ಉಳಿದಿರುವ ನೆಂಟ. ಬಿಲ್ ಮಾಡುವ ಮೊದಲು ಇದು ಗೊತ್ತಿರಬೇಕು, ಯಾಕೆಂದರೆ ನೆಂಟರಿಗೆ ಬಿಲ್ ಮಾಡುವುದಿಲ್ಲ.

ಕುಶಾಲನಗರದ ಹತ್ತಿರ ಕಾವೇರಿ ದಡದಲ್ಲಿ ದುಬಾರೆ ಇದೆಯಲ್ಲ, ಅದು ‘ಎಲಿಫೆಂಟ್ ಕ್ಯಾಂಪ್’. ಆನೆಗಳ ಶಿಬಿರ. ಅಲ್ಲಿರುವುದು ‘ಕ್ಯಾಂಪ್ ಎಲಿಫೆಂಟ್’. ಪಳಗಿದ, ಮಾವುತನ ಮಾತು ಕೇಳುವ, ಮೈಸೂರು ದಸರಾಕ್ಕೂ ಹೋಗಿ ಬರುವ ಆನೆ. ಒಮ್ಮೆ ಸಂಜೆ ತೋಟದ ಬೇಲಿಯ ಹತ್ತಿರ ಕಾಡಾನೆ ನಿಂತಿತ್ತು. ಅತಿಥಿಯೊಬ್ಬರು “ಕ್ಯಾಂಪ್ ಎಲಿಫೆಂಟ್?” ಎಂದು ಕೇಳಿದರು. ನಾನು ಅರ್ಧ ಕೇಳಿಸಿಕೊಂಡು ದುಬಾರೆ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು “ಯೆಸ್ ಯೆಸ್” ಎಂದೆ. ಅವರು ಮೊಬೈಲು ಹಿಡಿದು ಅದರ ಹತ್ತಿರಕ್ಕೇ ನಡೆದರು. ಕೂಗಿ ನಿಲ್ಲಿಸುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು.

ತೋಟದ ಕೆಲಸದಲ್ಲಿ ‘ಶೇಡ್ ಟ್ರೀ’ ಎಂದರೆ ನೆರಳಿಗೆ ಬಿಟ್ಟ ಮರ, ಸಿಲ್ವರ್ ಓಕ್, ಹಾಲುವಾಣ ಹೀಗೆ. ‘ಟ್ರೀ ಶೇಡ್’ ಎಂದರೆ ಬರೀ ನೆರಳು. ಮರ ಕಪಾತು ಮಾಡಿಸುವಾಗ ಕತ್ತರಿಸುವುದು ಮರದ ಕೊಂಬೆಯನ್ನು, ನೆರಳನ್ನಲ್ಲ.

ಮೂರು ಪದ ಬಂದರೂ ಹಿಂದಿನಿಂದಲೇ ಓದಿ. ನಮ್ಮ ‘ಕೂರ್ಗ್ ಅರೇಬಿಕಾ ಕಾಫಿ’ಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಎಂಬ ಸರ್ಕಾರಿ ಗುರುತು, ಸಿಕ್ಕಿತು. ಹಿಂದಿನಿಂದ ಬಿಡಿಸಿ: ಕಾಫಿ. ಎಂಥ ಕಾಫಿ? ಅರೇಬಿಕಾ. ಎಲ್ಲಿಯ ಅರೇಬಿಕಾ? ಕೂರ್ಗ್‌ನದು. ಜಾತಿ ಹೇಳುವ ಪದ ಯಜಮಾನನ ಪಕ್ಕದಲ್ಲೇ ಕೂರುತ್ತದೆ, ಊರು ಅದಕ್ಕಿಂತ ಮುಂದೆ, ಬಣ್ಣ, ವಯಸ್ಸು, ಗಾತ್ರ ಇನ್ನೂ ಮುಂದೆ, ‘ಚೆನ್ನಾಗಿದೆ’ ಎಂಬ ನಿಮ್ಮ ಅಭಿಪ್ರಾಯ ಎಲ್ಲದಕ್ಕಿಂತ ಮುಂದೆ. ‘ಬ್ಯೂಟಿಫುಲ್ ಬಿಗ್ ಓಲ್ಡ್ ಸ್ಟೋನ್ ಹೌಸ್’ ಎಂಬುದನ್ನು ‘ಸ್ಟೋನ್ ಓಲ್ಡ್ ಬಿಗ್ ಬ್ಯೂಟಿಫುಲ್ ಹೌಸ್’ ಎಂದರೆ ಅರ್ಥ ಕೆಡುವುದಿಲ್ಲ, ಕಿವಿಗೆ ಕಲ್ಲು ಸಿಕ್ಕಿದ ಅನ್ನದ ಹಾಗಾಗುತ್ತದೆ ಅಷ್ಟೆ.

ಒಂದು ಕಡೆ ಮಾತ್ರ ಎಚ್ಚರ. ‘ಸ್ಮಾಲ್ ಎಸ್ಟೇಟ್ ಓನರ್’ ಎಂದರೆ ಯಾರು ಚಿಕ್ಕವರು? ತೋಟವೋ, ಮಾಲೀಕರೋ? ಎರಡೂ ಆಗಬಹುದು. ಬರೆಯುವಾಗ ಸ್ಮಾಲ್ ಮತ್ತು ಎಸ್ಟೇಟ್ ನಡುವೆ ಚಿಕ್ಕ ಗೆರೆ ಎಳೆದರೆ ತೋಟ ಚಿಕ್ಕದು ಎಂದು ಸ್ಪಷ್ಟವಾಗುತ್ತದೆ. ಮಾತಿನಲ್ಲಿ ಗೆರೆ ಎಳೆಯಲು ಆಗುವುದಿಲ್ಲವಲ್ಲ, ಅಲ್ಲಿ ದನಿ ಆ ಕೆಲಸ ಮಾಡುತ್ತದೆ. ‘ಇಂಗ್ಲಿಷ್ ಟೀಚರ್’ನಲ್ಲಿ ಇಂಗ್ಲಿಷ್ ಎಂಬುದನ್ನು ಒತ್ತಿ ಹೇಳಿದರೆ ಇಂಗ್ಲಿಷ್ ಕಲಿಸುವವರು. ಟೀಚರ್ ಎಂಬುದನ್ನು ಒತ್ತಿದರೆ ಇಂಗ್ಲೆಂಡಿನ ಟೀಚರ್.

ಹೋಂಸ್ಟೇ ವಿಷಯಕ್ಕೆ ಬರೋಣ. ‘ಹೋಂಸ್ಟೇ’ಯಲ್ಲಿ ಸ್ಟೇ ಕೊನೆಗೆ ಬಂದು ಹೆಸರಾಗಿದೆ, ತಂಗುವುದು ಎಂಬ ಅರ್ಥ. ಎಂಥ ತಂಗುವುದು? ಮನೆಯಲ್ಲಿ. ‘ಸ್ಟೇ ಹೋಂ’ನಲ್ಲಿ ಸ್ಟೇ ಮುಂದೆ ಬಂದು ಕ್ರಿಯೆಯಾಗಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಎಲ್ಲರಿಗಿಂತ ಮುಂದೆ ಬಂದು ನಿಂತರೆ ಹೆಚ್ಚಾಗಿ ಅದು ಅಪ್ಪಣೆ.

ಮೂರನೆಯ ಹೆಜ್ಜೆ: ‘ಓನ್ಲಿ’ ಎಂಬ ಕಿತಾಪತಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮವರು ಅತಿ ಹೆಚ್ಚು ಎಡವುವುದು ಇಲ್ಲೇ, ಅದಕ್ಕೆ ಕಾರಣವೂ ಕನ್ನಡದಲ್ಲೇ ಇದೆ.

ಕನ್ನಡದ ‘ಮಾತ್ರ’ ಹಿಂದಕ್ಕೆ ನೋಡುತ್ತದೆ. ನಾನು ಮಾತ್ರ, ಕಾಫಿ ಮಾತ್ರ. ಯಾವುದಕ್ಕೆ ಸೇರಬೇಕೋ ಅದರ ಹಿಂದೆ ಬಂದು ಅಂಟುತ್ತದೆ. ಇಂಗ್ಲಿಷಿನ ‘ಓನ್ಲಿ’ ಸಾಮಾನ್ಯವಾಗಿ ಮುಂದಕ್ಕೆ ನೋಡುತ್ತದೆ. ತನ್ನ ನಂತರ ಬರುವ ಪದವನ್ನು ಹಿಡಿಯುತ್ತದೆ. ನಾವು ಕನ್ನಡದ ಲೆಕ್ಕದಲ್ಲಿ ಹಿಂದೆ ತಂದು ಇಡುತ್ತೇವೆ, ಅದು ಇಂಗ್ಲಿಷಿನ ಲೆಕ್ಕದಲ್ಲಿ ಮುಂದಿನವನ ಕೈ ಹಿಡಿದುಕೊಂಡು ಹೋಗುತ್ತದೆ.

ಒಂದೇ ವಾಕ್ಯವನ್ನು ಮೂರು ಸಲ ಬರೆಯಿರಿ.

‘ಓನ್ಲಿ ಐ ಗೇವ್ ದ ಗೆಸ್ಟ್ಸ್ ಕಾಫಿ.’ ಅತಿಥಿಗಳಿಗೆ ಕಾಫಿ ಕೊಟ್ಟಿದ್ದು ನಾನು ಮಾತ್ರ. ಉಳಿದವರೆಲ್ಲ ಮೊಬೈಲು ನೋಡಿಕೊಂಡು ಕೂತಿದ್ದರು.

‘ಐ ಗೇವ್ ಓನ್ಲಿ ದ ಗೆಸ್ಟ್ಸ್ ಕಾಫಿ.’ ಅತಿಥಿಗಳಿಗೆ ಮಾತ್ರ ಕೊಟ್ಟೆ. ಅವರ ಡ್ರೈವರಿಗೆ ಕೊಡಲಿಲ್ಲ. ಇದು ತಪ್ಪು ಕೆಲಸ, ಯಾರೂ ಮಾಡಬೇಡಿ.

‘ಐ ಗೇವ್ ದ ಗೆಸ್ಟ್ಸ್ ಓನ್ಲಿ ಕಾಫಿ.’ ಕಾಫಿ ಮಾತ್ರ ಕೊಟ್ಟೆ. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಇನ್ನೂ ಬೇಯುತ್ತಿತ್ತು.

ಮೂರನ್ನೂ ಗಟ್ಟಿಯಾಗಿ ಓದಿ. ಪ್ರತಿ ಸಲವೂ ‘ಓನ್ಲಿ’ ಆದ ಮೇಲೆ ಬರುವ ಪದಕ್ಕೆ ಗೆರೆ ಎಳೆಯಿರಿ. ಆ ಗೆರೆಯ ಮೇಲಿನ ಪದಕ್ಕೆ ಕನ್ನಡದಲ್ಲಿ ‘ಮಾತ್ರ’ ಸೇರಿಸಿ ನೋಡಿ. ಅರ್ಥ ಸರಿಯಿದ್ದರೆ ಜಾಗ ಸರಿಯಿದೆ.

‘ಐ ಓನ್ಲಿ ಗೇವ್ ದ ಗೆಸ್ಟ್ಸ್ ಕಾಫಿ’ ಎಂದು ಕ್ರಿಯೆಯ ಮುಂದೆ ಇಟ್ಟು ಇಂಗ್ಲಿಷಿನವರೇ ದಿನಾ ಮಾತಾಡುತ್ತಾರೆ. ಯಾವುದಕ್ಕೆ ಸೇರಿದ್ದು ಎಂಬುದನ್ನು ದನಿಯಲ್ಲಿ ಒತ್ತಿ ತೋರಿಸುತ್ತಾರೆ. ಅದನ್ನು ತಪ್ಪು ಎಂದು ಹಟ ಹಿಡಿಯುವವರಿದ್ದಾರೆ. ನನ್ನ ಮಟ್ಟಿಗೆ ಅದು ಸುಮ್ನೆ ಹಟ. ಆದರೆ ಮೆಸೇಜಿನಲ್ಲಿ, ಬೋರ್ಡಿನಲ್ಲಿ ದನಿ ಇರುವುದಿಲ್ಲ. ಅಲ್ಲಿ ಸೇರಬೇಕಾದ ಪದಕ್ಕಿಂತ ಮೊದಲೇ ಇಡಿ.

ಹಾಗಾದರೆ ‘ಗೆಸ್ಟ್ಸ್ ಓನ್ಲಿ’, ‘ಲೇಡೀಸ್ ಓನ್ಲಿ’ ಬೋರ್ಡುಗಳು? ಅವು ಸರಿಯೇ. ಅಲ್ಲಿ ಮುಂದೆ ಬೇರೆ ಪದವೇ ಇಲ್ಲವಲ್ಲ, ಹಿಂದೆ ನೋಡದೆ ಗತಿಯಿಲ್ಲ.

ಇನ್ನು ‘ಐ ಆಮ್ ಫ್ರಮ್ ಮಡಿಕೇರಿ ಓನ್ಲಿ’. ಇದನ್ನು ಕೇಳಿ ಹೊರಗಿನವರು ಬೇರೆ ಊರೇ ಇಲ್ಲವೇನೋ ಎಂಬಂತೆ ನೋಡುತ್ತಾರೆ. ನಾವು ಹೇಳಲು ಹೊರಟಿದ್ದು ‘ಮಡಿಕೇರಿಯವನೇ’ ಎಂದು. ಆ ‘ಏ’ ಇಂಗ್ಲಿಷಿನಲ್ಲಿ ಇಲ್ಲ. ಅದರ ಬದಲಿಗೆ ಓನ್ಲಿಯನ್ನು ತಂದು ಬಾಲದ ಜಾಗದಲ್ಲಿ ಸಿಕ್ಕಿಸುತ್ತೇವೆ. ನಮ್ಮ ನಮ್ಮಲ್ಲಿ ಮಾತಾಡುವಾಗ ಇದರಿಂದ ಏನೂ ನಷ್ಟವಿಲ್ಲ, ನನಗಂತೂ ಇಷ್ಟವೇ. ರೇಟ್ ಬರೆಯುವಾಗ ಮಾತ್ರ ಬೇಡ.

‘ಆಲ್ಮೋಸ್ಟ್’ ಕೂಡ ಇದೇ ಜಾತಿ. ‘ಐ ಆಲ್ಮೋಸ್ಟ್ ಸೋಲ್ಡ್ ಆಲ್ ಮೈ ಪೆಪರ್’ ಎಂದರೆ ಇನ್ನೇನು ಮಾರಿಬಿಡುತ್ತಿದ್ದೆ, ಮಾರಲಿಲ್ಲ. ಒಂದು ಕೆ.ಜಿ.ಯೂ ಹೋಗಿಲ್ಲ. ‘ಐ ಸೋಲ್ಡ್ ಆಲ್ಮೋಸ್ಟ್ ಆಲ್ ಮೈ ಪೆಪರ್’ ಎಂದರೆ ಹೆಚ್ಚು ಕಡಿಮೆ ಎಲ್ಲಾ ಮಾರಿಯಾಯಿತು, ಮೂಲೆಯಲ್ಲಿ ಒಂದು ಚೀಲ ಉಳಿದಿರಬಹುದು. ಕಾಳುಮೆಣಸಿನ ವ್ಯಾಪಾರಿಗೆ ಮೊದಲನೆಯದನ್ನು ಹೇಳಿದರೆ ಅವನು ನಾಳೆಯೇ ಪಿಕಪ್ ತರುತ್ತಾನೆ. ಎರಡನೆಯದನ್ನು ಹೇಳಿದರೆ ಫೋನ್ ಇಡುತ್ತಾನೆ.

ನಾಲ್ಕನೆಯ ಹೆಜ್ಜೆ: ‘ನಾಟ್’ ಎಲ್ಲಿದೆ ಎಂದು ಹುಡುಕಿ

ನನಗೆ ದುಡ್ಡು ಹೋದದ್ದು ಇಲ್ಲಿ. ನಮ್ಮ ನಾಲ್ಕು ರೂಮುಗಳಲ್ಲಿ ಮೂರಕ್ಕೆ ಗೀಸರ್ ಇತ್ತು, ಒಂದಕ್ಕೆ ಇರಲಿಲ್ಲ. ಒಂದು ದೊಡ್ಡ ಕುಟುಂಬ ಡಿಸೆಂಬರಿನಲ್ಲಿ ನಾಲ್ಕೂ ರೂಮು ಕೇಳಿತು. ಪ್ರಾಮಾಣಿಕವಾಗಿ ಇರೋಣ ಎಂದು ಹೀಗೆ ಬರೆದೆ: ‘ಆಲ್ ರೂಮ್ಸ್ ಡು ನಾಟ್ ಹ್ಯಾವ್ ಹಾಟ್ ವಾಟರ್.’ ನನ್ನ ತಲೆಯಲ್ಲಿ ಇದ್ದದ್ದು ಎಲ್ಲಾ ರೂಮಲ್ಲೂ ಬಿಸಿನೀರು ಇಲ್ಲ, ಕೆಲವದರಲ್ಲಿ ಇದೆ ಎಂದು. ಅವರು ಓದಿದ್ದು ಯಾವ ರೂಮಿನಲ್ಲೂ ಬಿಸಿನೀರಿಲ್ಲ ಎಂದು. ಡಿಸೆಂಬರ್ ಚಳಿಗೆ ಮಕ್ಕಳನ್ನು ಕರೆದುಕೊಂಡು ಯಾರು ಬರುತ್ತಾರೆ? ಕ್ಯಾನ್ಸಲ್.

ಬರೆಯಬೇಕಿದ್ದದ್ದು ‘ನಾಟ್ ಆಲ್ ರೂಮ್ಸ್ ಹ್ಯಾವ್ ಹಾಟ್ ವಾಟರ್’. ನಾಟ್ ಬಂದು ಆಲ್‌ನ ಮುಂದೆ ಕೂತರೆ ಅದು ‘ಎಲ್ಲಾ’ ಎಂಬುದನ್ನು ಮಾತ್ರ ಅಲ್ಲಗಳೆಯುತ್ತದೆ. ಕೆಲವದರಲ್ಲಿ ಇದೆ ಎಂದು ತಾನಾಗಿ ಗೊತ್ತಾಗುತ್ತದೆ. ಗಮನಿಸಿ, ಕನ್ನಡದ ‘ಎಲ್ಲಾ ರೂಮಲ್ಲೂ ಬಿಸಿನೀರು ಇಲ್ಲ’ ಎಂಬುದೂ ಎರಡೂ ಅರ್ಥ ಕೊಡುತ್ತದೆ. ನಾವು ದನಿಯಲ್ಲಿ ಸರಿಮಾಡಿಕೊಳ್ಳುತ್ತೇವೆ. ಅನುಮಾನ ಬಂದರೆ ಸುತ್ತು ಬಳಸುವುದು ಬೇಡ. ‘ತ್ರೀ ರೂಮ್ಸ್ ಹ್ಯಾವ್ ಹಾಟ್ ವಾಟರ್, ಒನ್ ಡಸ್ ನಾಟ್’ ಎಂದು ಲೆಕ್ಕ ಕೊಟ್ಟುಬಿಡಿ.

ನಮ್ಮ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಇಟ್ಟ ಊಟದ ಮೇಜಿನಲ್ಲಿ ಇನ್ನೊಂದು ಜೋಡಿ ಕೇಳಿಸುತ್ತದೆ. ‘ಐ ಡೋಂಟ್ ರಿಯಲಿ ಲೈಕ್ ಪಂದಿ ಕರಿ’ ಎಂದರೆ ಅಷ್ಟೇನೂ ಇಷ್ಟವಿಲ್ಲ ಎಂಬ ನಯದ ಮಾತು. ‘ಐ ರಿಯಲಿ ಡೋಂಟ್ ಲೈಕ್ ಪಂದಿ ಕರಿ’ ಎಂದರೆ ಸುತರಾಂ ಆಗದು. ಮೊದಲನೆಯವರಿಗೆ ಒಂದು ಚೂರು ರುಚಿ ನೋಡಿ ಎನ್ನಬಹುದು. ಎರಡನೆಯವರ ಮುಂದಿನಿಂದ ಪಾತ್ರೆ ಎತ್ತಿಬಿಡಿ, ಕಡಂಬುಟ್ಟಿಗೆ (ಅಕ್ಕಿ ಕಡುಬಿಗೆ) ಬೇರೆ ಸಾರು ಕೊಡಿ.

ಡ್ರೈವರ್ ವಿಷಯದಲ್ಲಿ ಜಗಳಕ್ಕೆ ಕಾರಣವಾಗುವ ಜೋಡಿ ಇದು. ‘ಐ ಟೋಲ್ಡ್ ಹಿಮ್ ನಾಟ್ ಟು ಕಮ್’ ಎಂದರೆ ಬರಬೇಡ ಎಂದು ಹೇಳಿದೆ. ‘ಐ ಡಿಡ್ ನಾಟ್ ಟೆಲ್ ಹಿಮ್ ಟು ಕಮ್’ ಎಂದರೆ ಬಾ ಎಂದು ಹೇಳಲಿಲ್ಲ, ಅಷ್ಟೆ. ಬಂದಿದ್ದರೆ ಬೇಡವೇನೂ ಆಗಿರಲಿಲ್ಲ.

ಐದನೆಯ ಹೆಜ್ಜೆ: ಕಡಿದೆನೋ, ಕಡಿಸಿದೆನೋ?

ಕನ್ನಡಕ್ಕೆ ‘ಇಸು’ ಎಂಬ ಚಿಕ್ಕ ಮಾಂತ್ರಿಕ ಪ್ರತ್ಯಯ ಇದೆ. ತೊಳೆದೆ, ತೊಳೆಸಿದೆ. ಕಡಿದೆ, ಕಡಿಸಿದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯ ಇಲ್ಲ. ಮತ್ತೆ ಜಾಗದ್ದೇ ಕೆಲಸ.

‘ಐ ಹ್ಯಾಡ್ ಕಟ್ ದ ಟ್ರೀ’: ಮರವನ್ನು ನಾನೇ ಕಡಿದಿದ್ದೆ.
‘ಐ ಹ್ಯಾಡ್ ದ ಟ್ರೀ ಕಟ್’: ಮರವನ್ನು ಕಡಿಸಿದೆ.

ಬೀಟೆ ಮರದ ವಿಷಯದಲ್ಲಿ ಎರಡೂ ಒಂದೇ, ಅನುಮತಿ ಇಲ್ಲದಿದ್ದರೆ ಎರಡಕ್ಕೂ ತೊಂದರೆ ತಪ್ಪಿದ್ದಲ್ಲ. ಉಳಿದ ಕಡೆ ವ್ಯತ್ಯಾಸ ದೊಡ್ಡದು. ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ನನ್ನ ಕೈಯಲ್ಲಿತ್ತು. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಸಲೂನಿಗೆ ಹೋಗಿದ್ದೆ. ‘ಐ ಹ್ಯಾವ್ ವಾಷ್ಡ್ ದ ಕಾರ್’ ಎಂದು ಬಾಸ್‌ಗೆ ಹೇಳುವ ಡ್ರೈವರಿಗೆ ಸೊಂಟ ನೋಯುತ್ತಿರಬೇಕು. ‘ಐ ಹ್ಯಾಡ್ ದ ಕಾರ್ ವಾಷ್ಡ್’ ಎನ್ನುವವನ ಕೈಯಲ್ಲಿ ಸರ್ವಿಸ್ ಸ್ಟೇಷನ್ನಿನ ಬಿಲ್ ಇರಬೇಕು.

ನೆನಪಿಡುವ ದಾರಿ ಇಷ್ಟು: ಹ್ಯಾಡ್ ಮತ್ತು ಕ್ರಿಯೆ ಅಕ್ಕಪಕ್ಕ ಇದ್ದರೆ ನೀವೇ ಮಾಡಿದ್ದು. ನಡುವೆ ವಸ್ತು ಬಂದು ಕೂತರೆ ಸಾಮಾನ್ಯವಾಗಿ ಬೇರೆಯವರ ಕೈಯಲ್ಲಿ ಮಾಡಿಸಿದ್ದು.

ಆರನೆಯ ಹೆಜ್ಜೆ: ಓವರ್‌ಟೇಕ್ ಮತ್ತು ಟೇಕ್ ಓವರ್

ಸಂಪಾಜೆ ಘಾಟಿಯ ತಿರುವಿನಲ್ಲಿ ‘ಓವರ್‌ಟೇಕ್’ ಮಾಡಬಾರದು. ‘ಟೇಕ್ ಓವರ್’ ಬೇರೆ ವ್ಯವಹಾರ, ಅದು ಕಂಪನಿಯವರು ತೋಟವನ್ನು ವಹಿಸಿಕೊಳ್ಳುವುದು. ‘ಸೆಟ್ ಅಪ್’ ಎಂದರೆ ಜೋಡಿಸುವುದು, ‘ಅಪ್‌ಸೆಟ್’ ಎಂದರೆ ಮನಸ್ಸು ಕೆಡಿಸುವುದು. ಕ್ಯಾಂಪ್‌ಫೈರ್ ಸೆಟ್ ಅಪ್ ಮಾಡುವ ಹೊತ್ತಿಗೆ ಮಳೆ ಬಂದರೆ ಅತಿಥಿ ಅಪ್‌ಸೆಟ್. ನಗುಮುಖದಲ್ಲಿ ‘ಕಮ್ ಇನ್’ ಎಂದರೆ ತಾನೇ ‘ಇನ್‌ಕಮ್’, ಅಲ್ವಾ?

ಇವುಗಳಲ್ಲಿ ಹುಷಾರಾಗಿ ಇರಬೇಕಾದದ್ದು ‘ಓವರ್‌ಲುಕ್’. ತೋಟದ ರೈಟರ್ ‘ಐ ಲುಕ್ಡ್ ಓವರ್ ದಿ ಅಕೌಂಟ್ಸ್’ ಎಂದರೆ ಲೆಕ್ಕದ ಮೇಲೆ ಕಣ್ಣಾಡಿಸಿದೆ ಎಂದು. ‘ಐ ಓವರ್‌ಲುಕ್ಡ್ ದಿ ಅಕೌಂಟ್ಸ್’ ಎಂದರೆ ಲೆಕ್ಕ ನೋಡುವುದನ್ನೇ ಮರೆತೆ ಎಂದು. ಹೊರಗಿನವರಿಗೆ ಒಂದು ಮಾತು: ನಮ್ಮ ತೋಟಗಳಲ್ಲಿ ರೈಟರ್ ಎಂದರೆ ಕತೆ ಬರೆಯುವವರಲ್ಲ, ಹಾಜರಿ ಮತ್ತು ಲೆಕ್ಕ ಬರೆಯುವವರು. ಮೇಲಿನ ಎರಡನೆಯ ವಾಕ್ಯ ಹೇಳಿದರೆ ಮಾತ್ರ ಕತೆ ಕಟ್ಟಬೇಕಾಗುತ್ತದೆ. ಇದೇ ‘ಓವರ್‌ಲುಕ್’ ರೂಮಿನ ವಿಷಯಕ್ಕೆ ಬಂದರೆ ಒಳ್ಳೆಯ ಅರ್ಥ. ‘ದ ರೂಮ್ ಓವರ್‌ಲುಕ್ಸ್ ದ ವ್ಯಾಲಿ’ ಎಂದರೆ ಕಿಟಕಿಯಿಂದ ಕಣಿವೆ ಕಾಣುತ್ತದೆ.

ಇವನ್ನು ನಿಯಮದಿಂದ ಕಲಿಯಲು ಆಗುವುದಿಲ್ಲ. ಸಿಕ್ಕಿದ ಹಾಗೆ ಜೋಡಿ ಜೋಡಿಯಾಗಿ ಬರೆದಿಟ್ಟುಕೊಳ್ಳಿ. ಒಂದು ಮಾತ್ರ ಗಟ್ಟಿ ನಿಯಮ: ವಸ್ತುವನ್ನು ನಡುವೆಯೂ ಕೊನೆಗೂ ಇಡಬಹುದಾದ ಕಡೆ ‘ಇಟ್’ ಬಂದರೆ ನಡುವೆಯೇ ಇಡಿ. ‘ಸ್ವಿಚ್ ಆಫ್ ದ ಗೀಸರ್’ ಸರಿ, ‘ಸ್ವಿಚ್ ದ ಗೀಸರ್ ಆಫ್’ ಕೂಡ ಸರಿ, ಆದರೆ ‘ಸ್ವಿಚ್ ಇಟ್ ಆಫ್’ ಮಾತ್ರ ಸರಿ. ‘ಸ್ವಿಚ್ ಆಫ್ ಇಟ್’ ಇಲ್ಲ. ಇನ್ನೊಂದು ಜೋಡಿ ನನಗೆ ಬಹಳ ಇಷ್ಟ: ‘ಐ ಸಾ ಥ್ರೂ ಹಿಮ್’ ಎಂದರೆ ಅವನ ನಾಟಕ ನನಗೆ ಗೊತ್ತಾಯಿತು. ‘ಐ ಸಾ ಹಿಮ್ ಥ್ರೂ’ ಎಂದರೆ ಕಷ್ಟ ದಾಟುವವರೆಗೆ ಅವನ ಜೊತೆ ನಿಂತೆ. ಸಾಲ ಕೇಳಿದವನಿಗೆ ನಾವು ಮಾಡುವುದು ಈ ಎರಡರಲ್ಲಿ ಒಂದನ್ನೇ.

ಏಳನೆಯ ಹೆಜ್ಜೆ: ಅರ್ಜಿ, ಮೀಟಿಂಗು, ರೂಮು

ಅರ್ಜಿಗಳಲ್ಲಿ ನಾವೆಲ್ಲ ‘ದ ಕನ್ಸರ್ನ್ಡ್ ಆಫೀಸರ್’ ಎಂದು ಬರೆಯುತ್ತೇವೆ. ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರದೇಶದವರು ಅದನ್ನು ಓದಿದರೆ ಚಿಂತೆಯಲ್ಲಿರುವ ಅಧಿಕಾರಿ ಎಂದುಕೊಳ್ಳುತ್ತಾರೆ. ಸಂಬಂಧಪಟ್ಟ ಅಧಿಕಾರಿ ಎನ್ನಲು ‘ದಿ ಆಫೀಸರ್ ಕನ್ಸರ್ನ್ಡ್’ ಎಂದು ಹಿಂದೆ ಇಡಬೇಕು. ನಮ್ಮ ಅರ್ಜಿ ನೋಡಿ ನಿಜವಾಗಿ ಚಿಂತೆ ಮಾಡುವ ಅಧಿಕಾರಿ ಸಿಕ್ಕರೆ ನಾನಂತೂ ಬೇಡ ಎನ್ನುವುದಿಲ್ಲ.

ಸಂಘದ ಮೀಟಿಂಗ್ ಪುಸ್ತಕದಲ್ಲಿ ‘ದ ಪ್ರೆಸೆಂಟ್ ಮೆಂಬರ್ಸ್’ ಎಂದರೆ ಈಗಿನ ಸದಸ್ಯರು. ‘ದ ಮೆಂಬರ್ಸ್ ಪ್ರೆಸೆಂಟ್’ ಎಂದರೆ ಆವತ್ತು ಹಾಜರಿದ್ದವರು. ಮಳೆಗಾಲದ ಮೀಟಿಂಗಿನಲ್ಲಿ ಮೊದಲನೆಯವರು ಅರವತ್ತು ಇದ್ದರೆ ಎರಡನೆಯವರು ಆರು. ‘ಇನಫ್ ಬಿಗ್ ರೂಮ್ಸ್’ ಎಂದರೆ ದೊಡ್ಡ ರೂಮುಗಳು ಸಾಕಷ್ಟಿವೆ. ‘ಬಿಗ್ ಇನಫ್ ರೂಮ್ಸ್’ ಎಂದರೆ ರೂಮು ಸಾಕಷ್ಟು ದೊಡ್ಡದಾಗಿದೆ.

ಎಂಟನೆಯ ಹೆಜ್ಜೆ: ಪಕ್ಕದಲ್ಲಿ ಯಾರು ಕೂತಿದ್ದಾರೆ?

‘ವಿ ಸರ್ವ್ ಪಂದಿ ಕರಿ ಟು ಅವರ್ ಗೆಸ್ಟ್ಸ್ ಇನ್ ಕ್ಲೇ ಪಾಟ್ಸ್.’ ಇದನ್ನು ಬರೆದವಳು ನಾನೇ. ಮಣ್ಣಿನ ಮಡಕೆಯಲ್ಲಿ ಪಂದಿ ಕರಿ ಬಡಿಸುತ್ತೇವೆ ಎಂಬ ಹೆಮ್ಮೆ. ಆದರೆ ಈ ವಾಕ್ಯದಲ್ಲಿ ಮಡಕೆಯ ಪಕ್ಕದಲ್ಲಿರುವುದು ಅತಿಥಿಗಳು. ಮಡಕೆಯೊಳಗೆ ಕೂತಿರುವ ಅತಿಥಿಗಳಿಗೆ ಊಟ ಬಡಿಸಿದ ಹಾಗಾಯಿತು! ಮಗಳು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ವಿ ಸರ್ವ್ ಅವರ್ ಗೆಸ್ಟ್ಸ್ ಪಂದಿ ಕರಿ ಇನ್ ಕ್ಲೇ ಪಾಟ್ಸ್’ ಎಂದು ತಿದ್ದಿದೆ. ಕರಿಯ ಪಕ್ಕಕ್ಕೆ ಮಡಕೆ ಬಂತು.

ಇಂಗ್ಲಿಷಿನಲ್ಲಿ ಬಾಲ ಇಲ್ಲದ ಮಾತುಗಳು ಪಕ್ಕದವರಿಗೆ ಅಂಟಿಕೊಳ್ಳುತ್ತವೆ, ನಮ್ಮ ತೋಟದ ಜಿಗಣೆಗಳ ಹಾಗೆ. ‘ವಿ ಸಾ ಆ್ಯನ್ ಎಲಿಫೆಂಟ್ ಡ್ರೈವಿಂಗ್ ಟು ನಾಗರಹೊಳೆ’ ಎಂದರೆ ಸ್ಟಿಯರಿಂಗ್ ಆನೆಯ ಸೊಂಡಿಲಿನಲ್ಲಿದೆ. ‘ಡ್ರೈವಿಂಗ್ ಟು ನಾಗರಹೊಳೆ, ವಿ ಸಾ ಆ್ಯನ್ ಎಲಿಫೆಂಟ್’ ಎಂದರೆ ಸ್ಟಿಯರಿಂಗ್ ವಾಪಸ್ ನಿಮ್ಮ ಕೈಗೆ. ವಾಕ್ಯ ಉದ್ದ ಇದ್ದಷ್ಟೂ ಇಂಥ ಅಪಾಯ ಜಾಸ್ತಿ. ಎರಡಾಗಿ ಒಡೆದರೆ ಅರ್ಧ ತೊಂದರೆ ಹೋಗುತ್ತದೆ.

ಪ್ರಶ್ನೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಯು ಆರ್ ಕಮಿಂಗ್’ ಮಾಹಿತಿ, ‘ಆರ್ ಯು ಕಮಿಂಗ್’ ಪ್ರಶ್ನೆ ಎಂಬುದು ಎಲ್ಲರಿಗೂ ಗೊತ್ತು. ಎಡವುವುದು ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದಾಗ. ‘ವೇರ್ ಈಸ್ ದ ರೂಮ್?’ ಸರಿ. ‘ಟೆಲ್ ಮಿ’ ಸೇರಿಸಿದ ಕೂಡಲೇ ‘ಟೆಲ್ ಮಿ ವೇರ್ ದ ರೂಮ್ ಈಸ್’ ಆಗಬೇಕು. ಹಾಗೆಯೇ ‘ಹೌ ಕೋಲ್ಡ್ ಈಸ್ ಇಟ್?’ ಎಂದರೆ ಎಷ್ಟು ಚಳಿ ಎಂಬ ಪ್ರಶ್ನೆ. ‘ಹೌ ಕೋಲ್ಡ್ ಇಟ್ ಈಸ್!’ ಎಂದರೆ ಅಬ್ಬಾ ಏನು ಚಳಿ! ಮೊದಲನೆಯದಕ್ಕೆ ಡಿಗ್ರಿ ಹೇಳಿ. ಎರಡನೆಯದಕ್ಕೆ ಕಂಬಳಿ ಕೊಡಿ.

ಕಳಿಸುವ ಮೊದಲು

ಮೆಸೇಜು, ಬೋರ್ಡು, ಅರ್ಜಿ ಏನೇ ಇರಲಿ, ನಾನು ಈಗ ಹೀಗೆ ಮಾಡುತ್ತೇನೆ. ಬರೆದದ್ದನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಡುತ್ತೇನೆ. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವುದಿಲ್ಲ. “ಇದನ್ನ ಕನ್ನಡದಲ್ಲಿ ಹೇಳು” ಎನ್ನುತ್ತೇನೆ. ಅವರ ಕನ್ನಡ ನನ್ನ ಮನಸ್ಸಿನ ಕನ್ನಡಕ್ಕೆ ಹೊಂದಿದರೆ ಕಳಿಸುತ್ತೇನೆ. ಹೊಂದದಿದ್ದರೆ ಹೆಚ್ಚಾಗಿ ಓನ್ಲಿ, ನಾಟ್, ಆಲ್ಮೋಸ್ಟ್ ಈ ಮೂರರಲ್ಲಿ ಯಾವುದೋ ಒಂದು ಜಾಗ ಬಿಟ್ಟು ಕೂತಿರುತ್ತದೆ. ಮೊದಲು ಅದನ್ನೇ ಹುಡುಕಿ. ತಿದ್ದುವಾಗ ಹೊಸ ಪದ ತರಬೇಡಿ, ಇರುವ ಪದವನ್ನೇ ಸರಿಸಿ ನೋಡಿ.

ಪಕ್ಕದ ಮನೆಯ ಹುಡುಗ ಹೋದ ವರ್ಷ ಹೊಸ ಜೀಪ್ ತಗೊಂಡ. ಅವನ ಜೀಪು ಪ್ರವಾಸಿಗರು ನೋಡಲು ಹೋಗುವ ಮಾಂದಲಪಟ್ಟಿ ಬೆಟ್ಟಕ್ಕೆ ಮಾತ್ರ ಹೋಗುತ್ತದೆ, ಬೇರೆ ಕಡೆಗೆ ಕರೆಯಬೇಡಿ ಎಂದು ತಿಳಿಸಲು ಹಿಂದಿನ ಗಾಜಿನ ಮೇಲೆ ಬರೆಸಿದ: ‘ಓನ್ಲಿ ಜೀಪ್ ಟು ಮಾಂದಲಪಟ್ಟಿ’. ಅಂದರೆ ಮಾಂದಲಪಟ್ಟಿಗೆ ಹೋಗುವ ಒಂದೇ ಒಂದು ಜೀಪ್! ಅಲ್ಲಿಗೆ ದಿನಾ ಸಾಲುಗಟ್ಟಿ ಜೀಪುಗಳು ಹೋಗುತ್ತವೆ. ಓನ್ಲಿಯನ್ನು ಸರಿಸಿ ‘ಜೀಪ್ ಓನ್ಲಿ ಟು ಮಾಂದಲಪಟ್ಟಿ’ ಎಂದು ಬರೆಸು ಎಂದು ನಾನು ಕೂತು ಬಿಡಿಸಿ ಹೇಳಿದೆ. ಎಲ್ಲಾ ಕೇಳಿಸಿಕೊಂಡು ತಲೆ ಕೆರೆದುಕೊಂಡ.

“ಅರ್ಥ ಆಯ್ತು ಅಕ್ಕಾ. ಆದ್ರೆ ಇರ್ಲಿ ಬಿಡಿ, ಇದು ಬರೆಸಿದ ಮೇಲೆ ಬಾಡಿಗೆ ಜಾಸ್ತಿ ಬರ್ತಾ ಇದೆ.”